ಐವರಲ್ಲಿ ಒಬ್ಬರ ಮತದ ಸರ್ಕಾರಕ್ಕೆ ಒಂದು ವರ್ಷ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಕಿಯರ್ ಸ್ಟಾರ್ಮರ್ ಅವರ ಲೇಬರ್ ಸರ್ಕಾರಕ್ಕೆ 2025ರ ಜುಲೈ 5ಕ್ಕೆ ವರ್ಷ ತುಂಬಿತು. ಈ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದ ಬರಹಗಳ ಸಾರ ಹೆಚ್ಚುಕಡಿಮೆ ಒಂದೇ: ಪ್ರಚಂಡ ಬಹುಮತ ಕೊಟ್ಟ ಜನ ಹನ್ನೆರಡೇ ತಿಂಗಳಲ್ಲಿ ಬೆನ್ನು ತಿರುಗಿಸಿದರು. ಬೆನ್ನು ತಿರುಗಿಸಿದ್ದು ನಿಜ. ಆದರೆ ಅಂಥ ಬಹುಮತವನ್ನು ಜನ ಕೊಟ್ಟಿದ್ದರು ಎನ್ನುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಅದನ್ನು ಸರಿಪಡಿಸಿಕೊಳ್ಳದೆ ವರ್ಷದ ಕುಸಿತವನ್ನು ಅಳೆಯಲು ಹೊರಟರೆ ಅಳತೆಯೇ ತಪ್ಪುತ್ತದೆ.

2024ರ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ 650ರಲ್ಲಿ 411 ಸ್ಥಾನ ಬಂತು. ಬಂದ ಮತ ಶೇ 33.7 ಮಾತ್ರ. ಎರಡನೇ ಮಹಾಯುದ್ಧದ ನಂತರ ಒಂಟಿಯಾಗಿ ಬಹುಮತ ಪಡೆದ ಯಾವ ಪಕ್ಷವೂ ಇಷ್ಟು ಕಡಿಮೆ ಮತದಿಂದ ಅಧಿಕಾರಕ್ಕೆ ಬಂದಿಲ್ಲ. ಹಿಂದಿನ ಕನಿಷ್ಠ 2005ರ ಶೇ 35.2, ಅದೂ ಲೇಬರ್‌ದೇ. ಮತದಾನ ಶೇ 60ರ ಆಸುಪಾಸಿನಲ್ಲಿ ನಿಂತಿತು. ನೋಂದಾಯಿತ ಮತದಾರರು ಸುಮಾರು 4.8 ಕೋಟಿ, ಲೇಬರ್‌ಗೆ ಬಿದ್ದದ್ದು 97 ಲಕ್ಷ. ಅಂದರೆ ಮತದಾರರ ಪಟ್ಟಿಯಲ್ಲಿರುವ ಐವರಲ್ಲಿ ಒಬ್ಬರು. ಇನ್ನೂ ವಿಚಿತ್ರವೆಂದರೆ, 2019ರಲ್ಲಿ ಜೆರೆಮಿ ಕಾರ್ಬಿನ್ ನೇತೃತ್ವದಲ್ಲಿ ಇದೇ ಪಕ್ಷ ಹೀನಾಯವಾಗಿ ಸೋತಾಗ ಬಿದ್ದ ಮತ ಸುಮಾರು 1.03 ಕೋಟಿ. ಸೋತಾಗ ಹೆಚ್ಚು, ಗೆದ್ದಾಗ ಕಡಿಮೆ! 1997ರಲ್ಲಿ ಟೋನಿ ಬ್ಲೇರ್ 418 ಸ್ಥಾನ ಗೆದ್ದಾಗ ಅವರ ಬೆನ್ನಿಗೆ 1.35 ಕೋಟಿ ಮತಗಳಿದ್ದವು, ಶೇ 43.2. ಸ್ಥಾನಗಳನ್ನು ಮಾತ್ರ ನೋಡಿದವರಿಗೆ 1997 ಮತ್ತು 2024 ಅವಳಿ ಫಲಿತಾಂಶಗಳಂತೆ ಕಾಣುತ್ತವೆ. ಮತಪೆಟ್ಟಿಗೆ ನೋಡಿದವರಿಗೆ ಹಾಗೆ ಕಾಣುವುದಿಲ್ಲ.

ಇದು ಹೇಗಾಯಿತು ಎಂಬುದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಕುಮಟಾದ ತ್ರಿಕೋನ ಸ್ಪರ್ಧೆ 700ಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಮೂರನೆಯವರು ಪಡೆದ ಮತ ಗೆಲುವಿನ ಅಂತರದ ಹಲವು ಪಟ್ಟು. ಬ್ರಿಟನ್ನಿನಲ್ಲಿ ಇದೇ ಆಟ ನೂರಾರು ಕ್ಷೇತ್ರಗಳಲ್ಲಿ ಒಟ್ಟಿಗೇ ನಡೆಯಿತು. ಆಗ ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಮತ 2019ರ ಶೇ 43.6ರಿಂದ ಶೇ 23.7ಕ್ಕೆ ಇಳಿಯಿತು. ಬಿಟ್ಟುಹೋದ ಮತಗಳಲ್ಲಿ ದೊಡ್ಡ ಪಾಲು ನೈಜೆಲ್ ಫರಾಜ್ ಅವರ ರಿಫಾರ್ಮ್ ಯುಕೆ ಪಕ್ಷಕ್ಕೆ ಹೋಯಿತು. ಆ ಪಕ್ಷಕ್ಕೆ ಶೇ 14.3 ಮತ, ಸ್ಥಾನ ಮಾತ್ರ 5. ಲಿಬರಲ್ ಡೆಮಾಕ್ರಟರಿಗೆ ಅದಕ್ಕಿಂತ ಕಡಿಮೆ, ಶೇ 12.2 ಮತ, ಸ್ಥಾನ 72. ಬಲಪಂಥದ ಮತ ಎರಡಾಗಿ ಒಡೆದಾಗ ಲೇಬರ್ ತಾನಿದ್ದಲ್ಲೇ ನಿಂತು ಗೆದ್ದಿತು. ಹಳೆಯ ಸರ್ಕಾರದ ಮೇಲಿನ ಸಿಟ್ಟು ಹೊಸ ಸರ್ಕಾರದ ಮೇಲಿನ ಪ್ರೀತಿಯಾಗಿರಲಿಲ್ಲ. ಗೆದ್ದ ವಾರದಲ್ಲೇ ಸ್ಟಾರ್ಮರ್ ಬಗ್ಗೆ ಒಲವುಳ್ಳವರು ಮತ್ತು ಒಲವಿಲ್ಲದವರು ಸರಿಸುಮಾರು ಸಮಸಮವಾಗಿದ್ದರು. ಹೊಸ ಪ್ರಧಾನಿಗೆ ಸಾಮಾನ್ಯವಾಗಿ ಸಿಗುವ ಆರಂಭದ ಮಧುಚಂದ್ರ ಇವರಿಗೆ ಕೆಲವೇ ವಾರ ಸಿಕ್ಕಿತು.

ಇನ್ನು ಸಮೀಕ್ಷೆಗಳ ವಿಚಾರ. ಸಮೀಕ್ಷೆ ಎಂದರೆ ನಮಗೆ ನೆನಪಾಗುವುದು ಮತದಾನ ಮುಗಿದ ಸಂಜೆ ಟಿವಿಯಲ್ಲಿ ಕೂಗಾಡುವ ಎಕ್ಸಿಟ್ ಪೋಲ್. ಬ್ರಿಟನ್ನಿನಲ್ಲಿ ಚುನಾವಣೆ ಇರಲಿ, ಇಲ್ಲದಿರಲಿ, ವಾರವಾರವೂ ನಡೆಯುತ್ತದೆ. ಇಪ್ಸಾಸ್ ಸಂಸ್ಥೆ ಪ್ರಧಾನಿಯ ಬಗ್ಗೆ ‘ತೃಪ್ತಿಯೇ, ಅತೃಪ್ತಿಯೇ’ ಎಂಬ ಪ್ರಶ್ನೆಯನ್ನು 1970ರ ದಶಕದಿಂದ ಕೇಳುತ್ತ ಬಂದಿದೆ. ಹಾಗಾಗಿ ಥ್ಯಾಚರ್ ಜತೆ ಸ್ಟಾರ್ಮರ್ ಅವರನ್ನು ಹೋಲಿಸಲು ಸಾಧ್ಯ. ಯೂಗವ್ ಸಂಸ್ಥೆ ಕೇಳುವುದು ಬೇರೆ: ‘ಒಲವಿದೆಯೇ, ಇಲ್ಲವೇ’. ಇವೆರಡರ ಉತ್ತರ ಒಂದೇ ತಕ್ಕಡಿಯಲ್ಲಿ ಹಾಕುವಂಥವಲ್ಲ. ಒಬ್ಬ ನಾಯಕರ ಬಗ್ಗೆ ಒಲವಿಲ್ಲದೆಯೂ ಅವರ ಕೆಲಸದ ಬಗ್ಗೆ ತೃಪ್ತಿ ಇರಬಹುದು. ಮೂರನೆಯದು ‘ನಾಳೆಯೇ ಚುನಾವಣೆಯಾದರೆ ಯಾರಿಗೆ ಮತ’ ಎಂಬ ಪ್ರಶ್ನೆ. ಇದು ಪಕ್ಷದ ಬಗೆಗಿನದು, ನಾಯಕರ ಬಗೆಗಿನದಲ್ಲ. ಕನ್ನಡ ವರದಿಗಳಲ್ಲಿ ಈ ಮೂರೂ ‘ಜನಪ್ರಿಯತೆ’ ಎಂಬ ಒಂದೇ ಹೆಸರಿನಲ್ಲಿ ಕಲಸಿಹೋಗುತ್ತವೆ. 2025ರ ಮೇ ತಿಂಗಳಲ್ಲಿ ಯೂಗವ್‌ನಲ್ಲಿ ಸ್ಟಾರ್ಮರ್ ಬಗ್ಗೆ ಒಲವು ಹೇಳಿದವರು ಶೇ 23, ಒಲವಿಲ್ಲ ಎಂದವರು ಶೇ 69. ಎರಡರ ವ್ಯತ್ಯಾಸ ಮೈನಸ್ 46. ಈ ‘ಮೈನಸ್ 46’ ಕೆಲವು ಕಡೆ ‘ಶೇ 46ರಷ್ಟು ಕುಸಿತ’ ಎಂದು ಬಂತು. ಅದು ಕುಸಿತದ ಪ್ರಮಾಣವಲ್ಲ, ಆ ದಿನದ ಬಾಕಿ.

ಅಂಕಿ ತಯಾರಾಗುವ ಬಗೆ ಹೀಗಿದೆ. ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಕೊಟ್ಟವರ ದೊಡ್ಡ ಪಟ್ಟಿಯಿಂದ ಸಾವಿರದಿಂದ ಎರಡು ಸಾವಿರ ಜನರನ್ನು ಆರಿಸುತ್ತಾರೆ. ವಯಸ್ಸು, ಲಿಂಗ, ಪ್ರದೇಶ, ಓದು, ಕಳೆದ ಬಾರಿ ಹಾಕಿದ ಮತ, ಇಷ್ಟನ್ನೂ ಜನಗಣತಿ ಮತ್ತು ಚುನಾವಣಾ ಫಲಿತಾಂಶಕ್ಕೆ ಹೊಂದಿಸಿ ಪ್ರತಿಯೊಬ್ಬರ ಉತ್ತರಕ್ಕೂ ತೂಕ ಕೊಡುತ್ತಾರೆ. ಪಟ್ಟಿಯಲ್ಲಿ ಪದವೀಧರರು ಹೆಚ್ಚಿದ್ದರೆ ಅವರ ಉತ್ತರ 0.8 ಆಗುತ್ತದೆ, ಶಾಲೆ ಬಿಟ್ಟವರು ಕಡಿಮೆಯಿದ್ದರೆ ಅವರದು 1.3 ಆಗುತ್ತದೆ, ಹೀಗೆ. ಆಮೇಲೆ ‘ಗೊತ್ತಿಲ್ಲ’ ಮತ್ತು ‘ಮತ ಹಾಕುವುದಿಲ್ಲ’ ಎಂದವರನ್ನು ತೆಗೆದು ಉಳಿದವರಲ್ಲಿ ಶೇಕಡಾ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ 2,000 ಜನರಲ್ಲಿ 300 ಮಂದಿಗೆ ಗೊತ್ತಿಲ್ಲ, 200 ಮಂದಿ ಮತಗಟ್ಟೆಗೆ ಹೋಗುವುದಿಲ್ಲ, 360 ಮಂದಿ ಲೇಬರ್ ಎನ್ನುತ್ತಾರೆ ಎಂದುಕೊಳ್ಳಿ. ಪತ್ರಿಕೆಯಲ್ಲಿ ಬರುವ ಅಂಕಿ ಶೇ 24, ಏಕೆಂದರೆ ಭಾಗಿಸಿದ್ದು 1,500ರಿಂದ. ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಶೇ 18. ‘ಗೊತ್ತಿಲ್ಲ’ ಗುಂಪಿನಲ್ಲಿ ಕಳೆದ ಸಲದ ಲೇಬರ್ ಮತದಾರರೇ ಹೆಚ್ಚಿದ್ದರೆ, ಅವರು ಪಕ್ಷ ಬಿಟ್ಟು ಹೋದವರೋ, ಮುನಿಸಿಕೊಂಡು ಕೂತವರೋ ಎಂಬುದು ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ.

ತಪ್ಪುವುದೂ ಇಲ್ಲಿಯೇ. 2,000 ಜನರ ಮಾದರಿಯಲ್ಲಿ ಲೆಕ್ಕದ ಪ್ರಕಾರವೇ ಸುಮಾರು ಶೇಕಡಾ 2 ಅಂಶ ಹೆಚ್ಚುಕಡಿಮೆ ಇರುತ್ತದೆ, 1,000ಕ್ಕೆ 3 ಅಂಶ. 2025ರ ಫೆಬ್ರವರಿ ಮೊದಲ ವಾರ ಯೂಗವ್‌ನಲ್ಲಿ ರಿಫಾರ್ಮ್ ಶೇ 25, ಲೇಬರ್ ಶೇ 24 ಬಂದಾಗ ‘ಲೇಬರ್ ಹಿಂದಿಕ್ಕಿದ ಫರಾಜ್’ ಎಂದು ಜಗತ್ತೆಲ್ಲ ಬರೆಯಿತು. ಆ ಒಂದು ಅಂಶಕ್ಕೆ ಅರ್ಥವಿರಲಿಲ್ಲ. ಬೇರೆ ಬೇರೆ ಸಂಸ್ಥೆಗಳಲ್ಲಿ ತಿಂಗಳುಗಟ್ಟಲೆ ಅದೇ ದಿಕ್ಕು ಕಂಡ ಮೇಲೆ ಅರ್ಥ ಬಂತು. ಮಾದರಿ ದೊಡ್ಡದಾದ ಮಾತ್ರಕ್ಕೆ ಹೋಗದ ದೋಷಗಳೂ ಇವೆ. 2015ರಲ್ಲಿ ಬಹುತೇಕ ಎಲ್ಲ ಸಂಸ್ಥೆಗಳೂ ಹೆಚ್ಚುಕಡಿಮೆ ಸಮಬಲ ಎಂದವು, ಕನ್ಸರ್ವೇಟಿವ್ ಪಕ್ಷ ಆರೂವರೆ ಅಂಶ ಮುಂದೆ ಬಂತು. ವಿಚಾರಣೆ ನಡೆಸಿದ ಪ್ರೊ. ಪ್ಯಾಟ್ರಿಕ್ ಸ್ಟರ್ಜಿಸ್ ಸಮಿತಿ ಕೊಟ್ಟ ಕಾರಣ, ಮಾದರಿಯೇ ಜನರಂತಿರಲಿಲ್ಲ. ಸಮೀಕ್ಷೆಗೆ ಉತ್ತರಿಸುವವರು ಉಳಿದವರಿಗಿಂತ ರಾಜಕೀಯದಲ್ಲಿ ಹೆಚ್ಚು ಆಸಕ್ತರು. 2024ರಲ್ಲೂ ಕೊನೆಯ ವಾರದ ಸರಾಸರಿ ಲೇಬರ್‌ಗೆ ಸುಮಾರು 4 ಅಂಶ ಹೆಚ್ಚು ಕೊಟ್ಟಿತ್ತು. ಗೆಲುವು ಅಷ್ಟು ದೊಡ್ಡದಿದ್ದುದರಿಂದ ಯಾರೂ ಗಮನಿಸಲಿಲ್ಲ, ಅಷ್ಟೇ.

ಇನ್ನೊಂದು ಸಣ್ಣ ಆದರೆ ಪದೇಪದೇ ಆಗುವ ಎಡವಟ್ಟು. ಸಮೀಕ್ಷೆಗಳಲ್ಲಿ ಉತ್ತರ ಐರ್ಲೆಂಡ್ ಇರುವುದಿಲ್ಲ. ಅಲ್ಲಿನ ಪಕ್ಷಗಳೇ ಬೇರೆ. ಆದ್ದರಿಂದ ಸಮೀಕ್ಷೆಯ ಅಂಕಿಯನ್ನು ಹೋಲಿಸಬೇಕಾದದ್ದು ಶೇ 33.7ರ ಜತೆಗಲ್ಲ, ಗ್ರೇಟ್ ಬ್ರಿಟನ್ ಮಾತ್ರದ ಶೇ 34.7ರ ಜತೆಗೆ. ವರ್ಷ ತುಂಬುವಾಗ ಲೇಬರ್ ಶೇ 22ರಿಂದ 25ರ ನಡುವೆ ಓಲಾಡುತ್ತಿತ್ತು. ಅಂದರೆ ಇಳಿದದ್ದು 10ರಿಂದ 13 ಅಂಶ. ತನಗೆ ಮತ ಹಾಕಿದ ಮೂವರಲ್ಲಿ ಸುಮಾರು ಒಬ್ಬರನ್ನು ಪಕ್ಷ ಆಗಲೇ ಕಳೆದುಕೊಂಡಿತ್ತು. ಮೊದಲೇ ತೆಳುವಾಗಿದ್ದ ಪಾಯದಿಂದ ಇಷ್ಟು ಕಲ್ಲು ಹೋದರೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಕಲ್ಲು ಕಿತ್ತ ಮೊದಲ ಕೈ ಹಣಕಾಸು ಸಚಿವೆ ರೇಚಲ್ ರೀವ್ಸ್ ಅವರದು. ದಿನಾಂಕ 2024ರ ಜುಲೈ 29, ಅಧಿಕಾರಕ್ಕೆ ಬಂದು ನಾಲ್ಕನೇ ವಾರ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಪಿಂಚಣಿದಾರರಿಗೆ ವರ್ಷಕ್ಕೊಮ್ಮೆ ಕೊಡುತ್ತಿದ್ದ 200 ಪೌಂಡ್, ಮನೆಯಲ್ಲಿ 80 ದಾಟಿದವರಿದ್ದರೆ 300 ಪೌಂಡ್, ಇನ್ನು ಮುಂದೆ ಕಡುಬಡವರಿಗೆ ಮಾತ್ರ ಎಂದರು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 23 ಸಾವಿರ, 34 ಸಾವಿರ ರೂಪಾಯಿ. ಪಡೆಯುವವರ ಸಂಖ್ಯೆ 1.1 ಕೋಟಿ ಮೀರಿದ್ದದ್ದು ಸುಮಾರು 15 ಲಕ್ಷಕ್ಕೆ ಇಳಿಯುವಂತಾಯಿತು. ಉಳಿತಾಯ ಸುಮಾರು 140 ಕೋಟಿ ಪೌಂಡ್.

ಸಿರಿವಂತ ಮುದುಕರಿಗೆ ಸರ್ಕಾರದ ದುಡ್ಡೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಡವಿದ್ದು ಗೆರೆ ಎಳೆದ ಜಾಗದಲ್ಲಿ. ‘ಪೆನ್ಷನ್ ಕ್ರೆಡಿಟ್’ ಎಂಬ ಪೂರಕ ಭತ್ಯೆ ಅಥವಾ ಅಂಥ ಬೇರೆ ಕೆಲವು ಭತ್ಯೆ ಪಡೆಯುವವರಿಗೆ ಮಾತ್ರ ಈ ಹಣ ಎಂದಾಯಿತು. ಒಂಟಿ ವ್ಯಕ್ತಿಗೆ ಪೆನ್ಷನ್ ಕ್ರೆಡಿಟ್ಟಿನ ಮಿತಿ ಆಗ ವಾರಕ್ಕೆ 218.15 ಪೌಂಡ್. ಆ ವರ್ಷ ಹೊಸ ಪದ್ಧತಿಯ ಪೂರ್ಣ ಸರ್ಕಾರಿ ಪಿಂಚಣಿ ವಾರಕ್ಕೆ 221.20. ಅಂದರೆ ಸರ್ಕಾರಿ ಪಿಂಚಣಿ ಬಿಟ್ಟರೆ ಬೇರೆ ಚಿಕ್ಕಾಸೂ ಇಲ್ಲದವರು ವಾರಕ್ಕೆ ಮೂರು ಪೌಂಡಿನಿಂದ ಗೆರೆಯ ಆಚೆ ಬಿದ್ದರು. ಗೆರೆಯ ಒಳಗಿದ್ದವರ ಪಾಡೂ ಸುಖದ್ದಲ್ಲ. ಅರ್ಹರಿದ್ದೂ ಅರ್ಜಿ ಹಾಕದ ಕುಟುಂಬಗಳೇ 8.8 ಲಕ್ಷದವರೆಗೆ ಇವೆ ಎಂದು ಸರ್ಕಾರವೇ ಹೇಳಿತ್ತು. ಅರ್ಜಿಯಲ್ಲಿ 200ಕ್ಕೂ ಹೆಚ್ಚು ಪ್ರಶ್ನೆಗಳು. ಬಿಪಿಎಲ್ ಕಾರ್ಡಿಗಾಗಿ ಅಲೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಅಕ್ಟೋಬರ್ 1ಕ್ಕೆ ಸಾಮಾನ್ಯ ಮನೆಯೊಂದರ ವಿದ್ಯುತ್–ಅನಿಲದ ವಾರ್ಷಿಕ ದರಮಿತಿ 1,568ರಿಂದ 1,717 ಪೌಂಡಿಗೆ ಏರಿತು. ಒಂದು ಕೈಯಲ್ಲಿ 149 ಪೌಂಡ್ ಹೆಚ್ಚು ಬಿಲ್, ಇನ್ನೊಂದು ಕೈಯಿಂದ 200 ಹೋಯಿತು.

ಆ ಸೆಪ್ಟೆಂಬರಿನಲ್ಲಿ ಪ್ರಧಾನಿ ಮತ್ತು ಅವರ ಪತ್ನಿಯ ಬಟ್ಟೆಬರೆ, ಪ್ರಧಾನಿಯ ಕನ್ನಡಕ, ಫುಟ್‌ಬಾಲ್ ಟಿಕೆಟ್ಟುಗಳು ದಾನಿಗಳಿಂದ ಬಂದವೆಂಬ ಸುದ್ದಿ ಹೊರಬಿತ್ತು. ಕಾನೂನು ಮುರಿದಿರಲಿಲ್ಲ, ಹೆಚ್ಚಿನದು ಘೋಷಿತವಾಗಿಯೇ ಇತ್ತು. ಅಕ್ಟೋಬರಿನಲ್ಲಿ 6,000 ಪೌಂಡಿಗೂ ಹೆಚ್ಚು ಹಣವನ್ನು ಅವರೇ ವಾಪಸು ಕಟ್ಟಿದರು. ಬೇರೆ ತಿಂಗಳಲ್ಲಾಗಿದ್ದರೆ ಎರಡು ದಿನದ ಗದ್ದಲ. ಮುದುಕರ ಚಳಿಗಾಲದ ಹಣ ಕಿತ್ತ ಬೆನ್ನಿಗೇ ಆದದ್ದರಿಂದ ಎರಡೂ ಒಂದೇ ಸುದ್ದಿಯಾಗಿ ಜನರ ತಲೆಯಲ್ಲಿ ಕೂತವು. ನನ್ನ ಅಭಿಪ್ರಾಯದಲ್ಲಿ ಆ ಎಂಟು ವಾರಗಳಲ್ಲಿ ಆದ ಹಾನಿಯನ್ನು ಮುಂದಿನ ಹತ್ತು ತಿಂಗಳ ಯಾವ ಒಳ್ಳೆಯ ಕೆಲಸವೂ ತುಂಬಿಕೊಡಲಿಲ್ಲ. ಕಡೆಗೆ 2025ರ ಮೇ ತಿಂಗಳಲ್ಲಿ ಹಿಂದೆ ಸರಿಯುವುದಾಗಿ ಹೇಳಿ, ಜೂನ್ 9ರಂದು ವರ್ಷಕ್ಕೆ 35,000 ಪೌಂಡ್ ಒಳಗಿನ ಆದಾಯದ ಎಲ್ಲ ಪಿಂಚಣಿದಾರರಿಗೂ ಹಣ ಮರಳಿಸಿದರು. ಉಳಿತಾಯದಲ್ಲಿ ಕೈಯಲ್ಲುಳಿದದ್ದು ಸುಮಾರು 45 ಕೋಟಿ ಪೌಂಡ್. ಈ ಗೆರೆಯನ್ನು ಮೊದಲೇ ಎಳೆದಿದ್ದರೆ ಗದ್ದಲವೇ ಇರುತ್ತಿರಲಿಲ್ಲ.

2024ರ ಅಕ್ಟೋಬರ್ 30ರ ಬಜೆಟ್‌ನಲ್ಲಿ ತೆರಿಗೆಯನ್ನು ವರ್ಷಕ್ಕೆ 4,000 ಕೋಟಿ ಪೌಂಡಿನಷ್ಟು ಏರಿಸಿದರು. ದುಡಿಯುವವರ ಮೇಲೆ ಆದಾಯ ತೆರಿಗೆ, ವ್ಯಾಟ್, ರಾಷ್ಟ್ರೀಯ ವಿಮೆ (ಸಂಬಳದ ಮೇಲೆ ನೌಕರ, ಮಾಲೀಕ ಇಬ್ಬರೂ ಸರ್ಕಾರಕ್ಕೆ ಕಟ್ಟುವ ವಂತಿಗೆ) ಏರಿಸುವುದಿಲ್ಲ ಎಂದು ಪ್ರಣಾಳಿಕೆಯಲ್ಲಿ ಬರೆದಿದ್ದ ಪಕ್ಷ, ನೌಕರರ ಪಾಲಿನ ವಿಮೆ ಮುಟ್ಟದೆ ಮಾಲೀಕರ ಪಾಲನ್ನು ಶೇ 13.8ರಿಂದ 15ಕ್ಕೆ ಏರಿಸಿತು. ಅದಕ್ಕಿಂತ ಬಿಸಿ ತಟ್ಟಿದ್ದು ಮಿತಿಯ ಇಳಿಕೆ: ಮೊದಲು 9,100 ಪೌಂಡ್ ಮೇಲಿನ ಸಂಬಳಕ್ಕೆ ಕಟ್ಟುತ್ತಿದ್ದದ್ದು ಈಗ 5,000 ಮೇಲಿನದಕ್ಕೆಲ್ಲ. ವರ್ಷಕ್ಕೆ 25,000 ಪೌಂಡ್ ಸಂಬಳದ ಒಬ್ಬ ನೌಕರನಿಗೆ ಮಾಲೀಕ ಕಟ್ಟುತ್ತಿದ್ದದ್ದು ಸುಮಾರು 2,194, ಈಗ 3,000. ತಲೆಗೆ 806 ಪೌಂಡ್ ಹೆಚ್ಚು. ಸಂಬಳ ಕಡಿಮೆ ಇದ್ದಷ್ಟೂ ಪ್ರಮಾಣದಲ್ಲಿ ಹೊರೆ ಜಾಸ್ತಿ. ಹೋಟೆಲು, ಅಂಗಡಿ, ವೃದ್ಧರ ಆರೈಕೆ ಮನೆಗಳು ಮೊದಲು ನರಳಿದವು. 2025ರ ಏಪ್ರಿಲ್‌ನಲ್ಲಿ ಇದು ಜಾರಿಯಾದಾಗಲೇ ಕನಿಷ್ಠ ಕೂಲಿಯನ್ನು ಗಂಟೆಗೆ 11.44ರಿಂದ 12.21 ಪೌಂಡಿಗೆ ಏರಿಸಿದರು. ಒಳ್ಳೆಯ ಕೆಲಸ. ಆದರೆ ಸಂಬಳ ಏರಿದಾಗ ಕೆಲಸಗಾರ ನೆನೆಯುವುದು ಸರ್ಕಾರವನ್ನಲ್ಲ, ಹೊಸಬರನ್ನು ತೆಗೆದುಕೊಳ್ಳದಿದ್ದಾಗ ಮಾಲೀಕ ಬೈಯುವುದು ಸರ್ಕಾರವನ್ನೇ.

ರೈತರ ಪ್ರಕರಣ ಶಿರಸಿ, ಸಿದ್ದಾಪುರದ ತೋಟಿಗರಿಗೆ ಆಸಕ್ತಿ ಹುಟ್ಟಿಸುವಂಥದ್ದು. 2026ರ ಏಪ್ರಿಲ್‌ನಿಂದ 10 ಲಕ್ಷ ಪೌಂಡ್ ಮೀರಿದ ಕೃಷಿ ಆಸ್ತಿಗೆ ಶೇ 20 ಉತ್ತರಾಧಿಕಾರ ತೆರಿಗೆ ಎಂದು ಅದೇ ಬಜೆಟ್‌ನಲ್ಲಿ ಹೇಳಿದ್ದರು (2025ರ ಡಿಸೆಂಬರಿನಲ್ಲಿ ಆ ಮಿತಿಯನ್ನು 25 ಲಕ್ಷ ಪೌಂಡಿಗೆ ಏರಿಸಿದರು). ಬೇರೆ ಆಸ್ತಿಗೆ ಇರುವ ಶೇ 40ರ ಅರ್ಧ. ಹತ್ತು ವರ್ಷದ ಬಡ್ಡಿರಹಿತ ಕಂತು. ಗಂಡ–ಹೆಂಡತಿ ಸರಿಯಾಗಿ ಯೋಜಿಸಿದರೆ 30 ಲಕ್ಷ ಪೌಂಡಿನವರೆಗೆ ತೆರಿಗೆಯಿಲ್ಲ ಎಂಬುದು ಆಗಿನ ಲೆಕ್ಕ. ಆದರೂ ನವೆಂಬರ್ 19ರಂದು ಸಂಸತ್ತಿನ ಬಾಗಿಲಿಗೇ ರೈತರು ಬಂದರು. ಕಾರಣ ಸರಳ: ಕಾಗದದ ಮೇಲಿನ ಜಮೀನಿನ ಬೆಲೆಗೂ ವರ್ಷಕ್ಕೆ ಕೈಗೆ ಬರುವ ಫಸಲಿನ ಹಣಕ್ಕೂ ತಾಳೆಯಿಲ್ಲ. ಅಡಿಕೆ ತೋಟದ ಇಂದಿನ ಮಾರುಕಟ್ಟೆ ಬೆಲೆಯ ಮೇಲೆ ಮಗ ತೆರಿಗೆ ಕಟ್ಟಬೇಕಾಗಿ ಬಂದರೆ ತೋಟದ ಒಂದು ಮೂಲೆ ಮಾರದೆ ಗತಿಯಿಲ್ಲ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋದದ್ದರಿಂದ ಈ ಸಂಕಟ ಗೊತ್ತಿಲ್ಲ.

ಸರ್ಕಾರದ ಮೊದಲ ವರ್ಷದ ಕೊನೆಯ ವಾರದಲ್ಲಿ ನಡೆದದ್ದು ಎಲ್ಲಕ್ಕಿಂತ ಕೆಟ್ಟದ್ದು. ಅಂಗವಿಕಲರಿಗೆ ಸಿಗುವ ‘ಪಿಪ್’ ಭತ್ಯೆಯಲ್ಲಿ ದಿನನಿತ್ಯದ ಹತ್ತು ಕೆಲಸಗಳಿಗೆ ಅಂಕ ಕೊಡುತ್ತಾರೆ. ಒಟ್ಟು 8 ಬಂದರೆ ಭತ್ಯೆ. ಅಡುಗೆಗೆ ಉಪಕರಣ ಬೇಕಾದರೆ 2, ಸೊಂಟದ ಕೆಳಗೆ ಸ್ನಾನಕ್ಕೆ ನೆರವು ಬೇಕಾದರೆ 2, ಬಟ್ಟೆ ಹಾಕಲು 2, ಶೌಚಕ್ಕೆ ಉಪಕರಣ ಬೇಕಾದರೆ 2, ಹೀಗೆ ಸೇರಿ 8 ಆಗುವವರು ಬಹಳ. ಯಾವುದಾದರೂ ಒಂದೇ ಕೆಲಸದಲ್ಲಿ ಕನಿಷ್ಠ 4 ಅಂಕ ಬರಲೇಬೇಕು ಎಂದು 2025ರ ಮಾರ್ಚ್‌ನಲ್ಲಿ ಹೊಸ ಷರತ್ತು ಪ್ರಕಟಿಸಿದರು. ಎರಡೆರಡು ಅಂಕ ಕೂಡಿಸಿಕೊಂಡ ಇಂಥವರೆಲ್ಲ ಒಂದೇ ಏಟಿಗೆ ಹೊರಗೆ. ಉಳಿತಾಯದ ಅಂದಾಜು ಸುಮಾರು 500 ಕೋಟಿ ಪೌಂಡ್. ಲೇಬರ್ ಪಕ್ಷದ್ದೇ ನೂರಕ್ಕೂ ಹೆಚ್ಚು ಸದಸ್ಯರು ತಿರುಗಿಬಿದ್ದರು. ಈಗಾಗಲೇ ಪಡೆಯುತ್ತಿರುವವರಿಗೆ ಷರತ್ತಿಲ್ಲ ಎಂದು ಮೊದಲು ಒಂದು ಹೆಜ್ಜೆ ಹಿಂದಿಟ್ಟರು. ಜುಲೈ 1ರಂದು ಮತಕ್ಕೆ ಹಾಕುವ ಹೊತ್ತಿಗೆ, ಚರ್ಚೆ ನಡೆಯುತ್ತಿರುವಾಗಲೇ, ಆ ಭಾಗವನ್ನೇ ಕೈಬಿಟ್ಟರು. 335–260ರಲ್ಲಿ ಮಸೂದೆ ಎರಡನೇ ವಾಚನದ ಹಂತ ದಾಟಿತು, 49 ಲೇಬರ್ ಸದಸ್ಯರು ವಿರುದ್ಧ ಮತ ಹಾಕಿದರು, ಉಳಿತಾಯ ಮಾಯವಾಯಿತು. ಅಂಗವಿಕಲರ ಪರ ಇದ್ದವರ ವಿಶ್ವಾಸ ಹೋಗಿಯಾಗಿತ್ತು, ಖರ್ಚು ಕಡಿತವಾಗಲಿ ಎಂದವರ ವಿಶ್ವಾಸವೂ ಹೋಯಿತು. ಮರುದಿನ ಸದನದಲ್ಲಿ ರೀವ್ಸ್ ಕಣ್ಣೀರು ಹಾಕಿದಾಗ ಸರ್ಕಾರಿ ಸಾಲಪತ್ರಗಳ ಬಡ್ಡಿ ಏರಿತು. ಸಮೀಕ್ಷೆಗಳನ್ನು ದಶಕಗಳಿಂದ ನೋಡುತ್ತ ಬಂದ ಪ್ರೊ. ಜಾನ್ ಕರ್ಟಿಸ್, ಚುನಾಯಿತರಾಗಿ ಬಂದ ಯಾವ ಹೊಸ ಪ್ರಧಾನಿಗೂ ಇಷ್ಟು ಕೆಟ್ಟ ಆರಂಭ ಆಗಿರಲಿಲ್ಲ ಎಂಬ ಅಭಿಪ್ರಾಯ ಕೊಟ್ಟದ್ದು ಆ ದಿನಗಳಲ್ಲೇ.

ಜಮೆಯ ಕಡೆಯೂ ಬರೆಯಬೇಕು. ಇಂಗ್ಲೆಂಡಿನಲ್ಲಿ ಆಸ್ಪತ್ರೆ ಚಿಕಿತ್ಸೆಗೆ ಕಾಯುತ್ತಿರುವ ಪ್ರಕರಣಗಳ ಪಟ್ಟಿ 76 ಲಕ್ಷದಿಂದ 74 ಲಕ್ಷದ ಕೆಳಗೆ ಬಂತು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರ ಶೇ 5.25ರಿಂದ ಮೇ ಹೊತ್ತಿಗೆ 4.25ಕ್ಕೆ ಇಳಿಯಿತು. ಆದರೆ ಪಟ್ಟಿಯಲ್ಲಿ ಇನ್ನೂ ಕಾಯುತ್ತಿರುವವನಿಗೆ ಮುಂದಿದ್ದವರು ಎಷ್ಟು ಕಡಿಮೆಯಾದರೆಂಬುದು ಸಮಾಧಾನವಲ್ಲ. ಹಣದುಬ್ಬರ ಜೂನ್‌ನಲ್ಲಿ ಮತ್ತೆ ಶೇ 3.6ಕ್ಕೆ ಏರಿದ್ದರಿಂದ ಬಡ್ಡಿ ಇಳಿದ ಲಾಭ ದಿನಸಿಯಲ್ಲಿ ಕರಗಿತು.

ವಲಸೆಯದೂ ಇದೇ ಕತೆ. ಬಂದವರಿಂದ ಹೋದವರನ್ನು ಕಳೆದ ನಿವ್ವಳ ವಲಸೆ 2023ರಲ್ಲಿ 8.6 ಲಕ್ಷ, 2024ರಲ್ಲಿ 4.31 ಲಕ್ಷ ಎಂಬುದು 2025ರ ಮೇ ತಿಂಗಳ ಅಂದಾಜು. ಅರ್ಧಕ್ಕರ್ಧ ಇಳಿದರೂ (ಬಹುಪಾಲು ಹಿಂದಿನ ಸರ್ಕಾರದ ನಿಯಮಗಳಿಂದ) ಜನರ ಆತಂಕ ಇಳಿಯಲಿಲ್ಲ. ಟಿವಿಯಲ್ಲಿ ಕಾಣುವುದು ವೀಸಾ ಕಚೇರಿಯಲ್ಲ, ಇಂಗ್ಲಿಷ್ ಕಾಲುವೆ ದಾಟುವ ರಬ್ಬರ್ ದೋಣಿಗಳು. 2025ರ ಮೊದಲ ಆರು ತಿಂಗಳಲ್ಲೇ ಸುಮಾರು 20 ಸಾವಿರ ಜನ ಹಾಗೆ ಬಂದರು. ಇದರ ಫಸಲು ಕೊಯ್ದವರು ಫರಾಜ್. ಮೇ 1ರ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ 677 ಸ್ಥಾನ, ಹತ್ತು ಕೌನ್ಸಿಲ್‌ಗಳನ್ನು ಗೆದ್ದಿತು. ಅದೇ ದಿನ ರನ್‌ಕಾರ್ನ್ ಉಪಚುನಾವಣೆಯಲ್ಲಿ ಲೇಬರ್‌ನ 14,696 ಮತಗಳ ಅಂತರವನ್ನು ಅಳಿಸಿ ಆರು ಮತಗಳಿಂದ ಗೆದ್ದಿತು. ಹೌದು, ಆರು.

ರಿಫಾರ್ಮ್ ಪಕ್ಷದ ಹಳೆಯ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಹಲವು ಸಮುದ್ರದಂಡೆಯ ಊರುಗಳು: ಕ್ಲಾಕ್ಟನ್, ಗ್ರೇಟ್ ಯಾರ್ಮತ್, ಸ್ಕೆಗ್ನೆಸ್. ಮೇ 19ರಂದು ಸ್ಟಾರ್ಮರ್ ಯುರೋಪ್ ಒಕ್ಕೂಟದ ಜತೆ ಮಾಡಿಕೊಂಡ ಒಪ್ಪಂದದಲ್ಲಿ ಒಕ್ಕೂಟದ ದೋಣಿಗಳಿಗೆ ಬ್ರಿಟಿಷ್ ನೀರಿನಲ್ಲಿ 2038ರವರೆಗೆ, ಅಂದರೆ 2026ರಿಂದ ಇನ್ನೂ 12 ವರ್ಷ ಮೀನು ಹಿಡಿಯಲು ಬಿಟ್ಟರು. ಪ್ರತಿಯಾಗಿ ಆಹಾರ ರಫ್ತಿನ ತಪಾಸಣೆ ಸಡಿಲವಾಗುವ ದಾರಿ ತೆರೆಯಿತು. ದೇಶದ ಒಟ್ಟು ಆದಾಯದಲ್ಲಿ ಮೀನುಗಾರಿಕೆಯದು ಶೇ 0.1 ಕೂಡ ಅಲ್ಲ. ಲೆಕ್ಕದಲ್ಲಿ ಲಾಭದ ವ್ಯಾಪಾರ. ಆದರೆ ತಮ್ಮ ನೀರಿನಲ್ಲಿ ಹೊರಗಿನ ಟ್ರಾಲರ್ ಕಂಡಾಗ ಬಂದರಿನಲ್ಲಿ ಹುಟ್ಟುವ ಸಿಟ್ಟನ್ನು ಶೇಕಡಾವಾರು ಅಳೆಯಲಾಗದು ಎಂಬುದು ನಮ್ಮ ಮೀನುಗಾರಿಕೆ ಬಂದರುಗಳಾದ ಬೈತಖೋಲ, ತದಡಿಯವರಿಗೆ ಗೊತ್ತು.

ಹಾಗೆಂದು ಬಿಟ್ಟುಹೋದವರೆಲ್ಲ ಬಲಕ್ಕೇ ಹೋದರು ಎನ್ನುವುದೂ ಸರಿಯಲ್ಲ. ಗ್ರೀನ್, ಲಿಬರಲ್ ಡೆಮಾಕ್ರಟ್, ‘ಗೊತ್ತಿಲ್ಲ’ ಕಡೆಗೆ ಸೋರಿದವರೂ ಬಹಳ. ವಲಸಿಗರ ಬಗ್ಗೆ ಮೇ 12ರಂದು ಗಡುಸಾಗಿ ಮಾತಾಡಿ, ಆಮೇಲೆ ಅದಕ್ಕೆ ವಿಷಾದಿಸಿದ ಪ್ರಧಾನಿ ಈ ಎರಡೂ ಬಾಗಿಲನ್ನು ಒಟ್ಟಿಗೆ ಮುಚ್ಚಲು ಹೋಗಿ ಎರಡನ್ನೂ ತೆರೆದಿಟ್ಟರು. ಜೂನ್ ಕೊನೆಗೆ ಯೂಗವ್‌ನ ಕ್ಷೇತ್ರವಾರು ಲೆಕ್ಕಾಚಾರ ರಿಫಾರ್ಮ್‌ಗೆ 271, ಲೇಬರ್‌ಗೆ 178 ಸ್ಥಾನ ತೋರಿಸಿತು. 11 ಸಾವಿರಕ್ಕೂ ಹೆಚ್ಚು ಜನರ ಉತ್ತರವನ್ನು ಪ್ರತಿ ಕ್ಷೇತ್ರದ ವಯಸ್ಸು, ಓದು, ಹಿಂದಿನ ಮತಕ್ಕೆ ಹೊಂದಿಸಿ ತೆಗೆದ ಅಂದಾಜು ಅದು. ಅಂದಿನ ಚಿತ್ರ, 2029ರ ಭವಿಷ್ಯವಲ್ಲ. ಐದು ಪಕ್ಷಗಳ ಪೈಪೋಟಿಯಲ್ಲಿ ಎರಡು ಅಂಶ ಆಚೀಚೆಯಾದರೆ ಹತ್ತಾರು ಸ್ಥಾನ ಕೈ ಬದಲಾಗುತ್ತವೆ. 1981ರಲ್ಲಿ ಥ್ಯಾಚರ್ ಕೂಡ ಕಡುಜನವಿರೋಧ ಎದುರಿಸಿದ್ದರು, 1983ರಲ್ಲಿ 397 ಸ್ಥಾನ ಗೆದ್ದರು.

ಇದನ್ನೆಲ್ಲ ಕಾರವಾರದಲ್ಲಿ ಕೂತು ಏಕೆ ಲೆಕ್ಕ ಹಾಕಬೇಕು ಎಂದರೆ, ಆ ಸಮೀಕ್ಷೆಗಳ ಬಿಸಿ ನಮ್ಮ ಮನೆಗಳಿಗೂ ತಟ್ಟಿದೆ. 2025ರ ಜುಲೈ 22ರಿಂದ ಕುಶಲ ಕೆಲಸಗಾರರ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ 38,700ರಿಂದ 41,700 ಪೌಂಡಿಗೆ ಏರಿದೆ, ಕೆಲಸ ಪದವಿ ಮಟ್ಟದ್ದಾಗಿರಬೇಕು. ಬಾಣಸಿಗರಂಥ ಕೆಲಸಗಳು ಬಹುತೇಕ ಹೊರಗುಳಿದವು. ಹೊರದೇಶದಿಂದ ಹೊಸದಾಗಿ ಆರೈಕೆ ಕೆಲಸಗಾರರನ್ನು ಕರೆಸುವುದು ನಿಂತೇಹೋಗಿದೆ. ನೋಂದಾಯಿತ ನರ್ಸ್‌ಗಳ ದಾರಿ ತೆರೆದಿದೆ, ಆದರೆ ಅದಕ್ಕೆ ಅಲ್ಲಿನ ನರ್ಸಿಂಗ್ ಮಂಡಳಿಯ ಕಂಪ್ಯೂಟರ್ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ ಮೂರೂ ಬೇಕು. ‘ಕೇರ್ ವೀಸಾ ಕೊಡಿಸುತ್ತೇವೆ’ ಎಂದು ಈಗಲೂ ಲಕ್ಷಗಟ್ಟಲೆ ಕೇಳುವ ಏಜೆಂಟರು ಮಾರುತ್ತಿರುವುದು ಇಲ್ಲದ ಸರಕು. ಓದು ಮುಗಿಸಿದ ಮೇಲೆ ಉಳಿಯುವ ಅವಧಿಯನ್ನು ಎರಡು ವರ್ಷದಿಂದ 18 ತಿಂಗಳಿಗೆ, ಕಾಯಂ ವಾಸಕ್ಕೆ ಕಾಯುವ ಅವಧಿಯನ್ನು 5ರಿಂದ 10 ವರ್ಷಕ್ಕೆ ಬದಲಿಸುವ ಪ್ರಸ್ತಾವವೂ 2025ರಲ್ಲಿ ಬಂತು. ಸಾಲ ಮಾಡಿ ಮಕ್ಕಳನ್ನು ಕಳಿಸುವವರು ಮರುಪಾವತಿಯ ಲೆಕ್ಕವನ್ನು 18 ತಿಂಗಳಿಗೇ ಹಾಕುವುದು ಒಳ್ಳೆಯದು.

2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ನಮ್ಮ ಮೀನು, ಸಿಗಡಿಗೆ ಅಲ್ಲಿ ಶೇ 21.5ರವರೆಗೆ ಇದ್ದ ಸುಂಕ ತೆಗೆಯಲು ಒಪ್ಪಿದರು. ಬ್ರಿಟಿಷ್ ಸಂಸತ್ತಿನ ಪ್ರಕ್ರಿಯೆ ಮುಗಿದ ಮೇಲಷ್ಟೇ ಜಾರಿ ಎಂದಾಯಿತು. ಸುಂಕ ಹೋದರೂ ಸಂಸ್ಕರಣಾ ಘಟಕಕ್ಕೆ ರಫ್ತು ತಪಾಸಣಾ ಮಂಡಳಿಯ ಅನುಮೋದನೆ ಬೇಕು. ಸಮುದ್ರದಲ್ಲಿ ಹಿಡಿದ ಮೀನಾದರೆ ದೋಣಿಯ ನೋಂದಣಿ, ಇಳಿಸಿದ ಬಂದರು, ದಿನಾಂಕ ಇರುವ ಕ್ಯಾಚ್ ಸರ್ಟಿಫಿಕೇಟ್ ಬೇಕು. ಸಾಕಿದ ಸಿಗಡಿಗೆ ಈ ಕಡೆಯದು ಬೇಡ. ಇಲ್ಲಿ ಸಂಭ್ರಮಿಸಿದ ಇದೇ ಒಪ್ಪಂದ ಅಲ್ಲಿ ಬೇರೆ ಕಾರಣಕ್ಕೆ ಟೀಕೆಗೆ ಸಿಕ್ಕಿತು: ತಾತ್ಕಾಲಿಕವಾಗಿ ಹೋಗುವ ಭಾರತೀಯ ನೌಕರರಿಗೆ ಮೂರು ವರ್ಷ ಅಲ್ಲಿನ ರಾಷ್ಟ್ರೀಯ ವಿಮೆಯಿಂದ ವಿನಾಯಿತಿ. ಸ್ವಂತ ಮಾಲೀಕರಿಗೆ ವಿಮೆ ಏರಿಸಿದ ಬೆನ್ನಿಗೇ ಪರದೇಶದವರಿಗೆ ರಿಯಾಯಿತಿಯೇ ಎಂದು ಫರಾಜ್ ಹಾಗೂ ಕನ್ಸರ್ವೇಟಿವ್ ನಾಯಕಿ ಕೆಮಿ ಬೇಡನಾಕ್ ಇಬ್ಬರೂ ಹರಿಹಾಯ್ದರು. ವಿನಾಯಿತಿ ಎರಡೂ ಕಡೆಯವರಿಗಿದೆ, ಬೇರೆ ದೇಶಗಳ ಜತೆಗೂ ಇಂಥದ್ದಿದೆ ಎಂಬ ಉತ್ತರ ಅಷ್ಟು ದೂರ ಮುಟ್ಟಲಿಲ್ಲ.

ತಮ್ಮಲ್ಲಿ ಒಂದು ವಿನಂತಿ. ವಿದೇಶಿ ಸಮೀಕ್ಷೆಯ ಅಂಕಿ ಅಚ್ಚು ಹಾಕುವಾಗ ಕೇಳಿದವರು ಯಾರು, ಯಾವ ದಿನಗಳಲ್ಲಿ, ಎಷ್ಟು ಜನರನ್ನು, ಯಾವ ಮಾತಿನಲ್ಲಿ ಕೇಳಿದರು, ‘ಗೊತ್ತಿಲ್ಲ’ ಎಂದವರೆಷ್ಟು, ಇಷ್ಟನ್ನು ಎರಡು ಸಾಲಿನಲ್ಲಿ ಕೊಡಿ. ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯ ಸಂಸ್ಥೆಗಳು ಈ ವಿವರಗಳನ್ನು ಪ್ರಕಟಿಸಲೇಬೇಕಾದ್ದರಿಂದ ಹುಡುಕುವುದು ಕಷ್ಟವಲ್ಲ. 2026ರ ಮೇ 7 ವೇಲ್ಸ್, ಸ್ಕಾಟ್ಲೆಂಡ್ ಶಾಸನಸಭೆಗಳ ಚುನಾವಣೆಗೆ ನಿಗದಿಯಾದ ದಿನ. ವೇಲ್ಸ್‌ನಲ್ಲಿ ಆಗ 96 ಸ್ಥಾನ, 16 ಕ್ಷೇತ್ರ, ಕ್ಷೇತ್ರಕ್ಕೆ ಆರು ಮಂದಿ, ಮತ ಪ್ರಮಾಣಕ್ಕೆ ತಕ್ಕ ಸ್ಥಾನ ಹಂಚಿಕೆ. ಅಲ್ಲಿ ಶೇ 30 ಮತಕ್ಕೆ ಸಿಗುವುದು ಮೂರನೇ ಒಂದು ಭಾಗದ ಆಸುಪಾಸಿನ ಸ್ಥಾನ, ಲಂಡನ್ನಿನ 411ರಂಥ ಫಲಿತಾಂಶ ಬರುವುದಿಲ್ಲ. ಆ ಫಲಿತಾಂಶದ ವರದಿಗೆ ವೆಸ್ಟ್‌ಮಿನ್‌ಸ್ಟರ್ (ಲಂಡನ್ನಿನ ಸಂಸತ್ತು) ಲೆಕ್ಕವನ್ನು ಹಚ್ಚದಂತೆ ಗುರುತು ಹಾಕಿಕೊಳ್ಳಬಹುದು.

ಇತಿ,
ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕ,
ಕಾಜುಬಾಗ, ಕಾರವಾರ